ಹತ್ತು ಕಳೆದು ಬರೆದವಳು

ದೋರಿಂಗಳ ಕಿವಿಯ ವಿಷಯದಲ್ಲಿ ಆ ಬಂದರಿನಲ್ಲಿ ಎರಡು ಮಾತಿರಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಅವಳು ಐಸ್ ಫ್ಯಾಕ್ಟರಿಯ ಗೇಟಿನ ಹೊರಗೆ ಸಕ್ಕರೆ ಹಚ್ಚಿದ ಬಾಳೆಹಣ್ಣು ಕರಿದು ಮಾರುತ್ತಿದ್ದಳು. ಒಂದು ಮಧ್ಯಾಹ್ನ ಬಾಣಲೆಯ ಮುಂದೆ ಕೂತೇ, ಒಳಗೆ ಹೋಗುತ್ತಿದ್ದ ಯಂತ್ರಕೋಣೆಯ ಹಿರಿಯ ಸಬಾಸನನ್ನು ತಡೆದಳು.

"ತಾತಾ, ನಿಮ್ಮ ದೊಡ್ಡ ಮಿಷಿನ್ನು ಇವತ್ತು ಯಾಕೋ ಕುಂಟ್ತಾ ಇದೆ."

"ನೀನು ಬಾಳೆಹಣ್ಣು ತಿರುವಮ್ಮ, ಸೀದು ಹೋದೀತು," ಎಂದು ನಕ್ಕು ಸಬಾಸ್ ಒಳಗೆ ಹೋದ. ಹೋದವನು ಅನುಮಾನಕ್ಕೆ ಬಿದ್ದು ಕಂಪ್ರೆಸರ್ ನಿಲ್ಲಿಸಿ ಬಿಚ್ಚಿ ನೋಡಿದರೆ ಎರಡನೇ ಸಿಲಿಂಡರಿನ ವಾಲ್ವಿನ ತಟ್ಟೆ ಸೀಳು ಬಿಟ್ಟಿತ್ತು. ಮರುವಾರವೇ ಅವಳ ಬಾಣಲೆ ತಂಗಿಯ ಪಾಲಾಯಿತು, ಅವಳ ಕೈಗೆ ಯಂತ್ರಕ್ಕೆ ಎಣ್ಣೆ ಬಿಡುವ ಕ್ಯಾನು ಬಂತು. ಸಬಾಸ್ ತೀರಿಕೊಂಡ ಮೇಲೆ ಅವನ ಬೆತ್ತದ ಕುರ್ಚಿಯೂ ಅವಳದ್ದೇ ಆಯಿತು. ಹೈಸ್ಕೂಲು ಮುಗಿಸದ ಹೆಂಗಸು ಆ ಕುರ್ಚಿಯಲ್ಲಿ ಕೂತು ನೂರಾರು ದೋಣಿಗಳಿಗೆ ಐಸು ಕೊಟ್ಟಳು. ಅವಳ ಪಾಳಿಯಲ್ಲಿ ಮೀನು ಕೊಳೆಯಿತು ಎಂದು ಯಾರೂ ಹೇಳಿದ್ದಿಲ್ಲ.

ಕುರ್ಚಿ ಅಲುಗಾಡಿದ್ದು ಅವಳಿಗೆ ನಲವತ್ತಾರಾದಾಗ. ಒಂದು ಬೆಳಗ್ಗೆ ಫ್ಯಾಕ್ಟರಿಯ ಯಜಮಾನ ಎಫ್ರೆನ್ ಯಂತ್ರಕೋಣೆಗೆ ಬಂದು, "ದೋರಿಂಗ್, ಊಟ ಆಯ್ತಾ?" ಎಂದು ಕೇಳಿದ. ಆಯ್ತು ಸಾರ್ ಎಂದಳು. ಕಿಟಕಿಯ ತನಕ ಹೋಗಿ ಬಂದು, "ಊಟ ಮಾಡಿದ್ಯಾ?" ಎಂದ. ಮೂರನೇ ಸಲವೂ ಅದನ್ನೇ ಕೇಳಿದಾಗ ದೋರಿಂಗ್ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಆ ಕರಾವಳಿಯ ಜನ ಬೈದರೂ ಜೋಗುಳ ಹಾಡಿದ ಹಾಗಿರುತ್ತದೆ. ಕೆಟ್ಟ ಸುದ್ದಿಯನ್ನಂತೂ ಮೂರು ಊಟದ ಹಿಂದೆ ಅಡಗಿಸಿ ತರುತ್ತಾರೆ.

ಸುದ್ದಿ ಇಷ್ಟು. ಎಫ್ರೆನ್ ಪಕ್ಕದಲ್ಲೇ ಮೀನಿಗೊಂದು ದೊಡ್ಡ ಶೀತಲ ಗೋದಾಮು ಕಟ್ಟಿಸುತ್ತಿದ್ದ. ಪದವಿ ಇಲ್ಲದವರ ಕೈಯಲ್ಲಿ, ಶೀತಲ ಯಂತ್ರಗಳಲ್ಲಿ ಓಡುವ ಅಷ್ಟೊಂದು ವಿಷದ ಅಮೋನಿಯಾ ಬಿಡುವುದಿಲ್ಲ ಎಂದು ವಿಮೆಯವರು ಪಟ್ಟು ಹಿಡಿದಿದ್ದರು. ಬರುವ ವರ್ಷದ ಜೂನ್ ಒಳಗೆ ಯಂತ್ರಕೋಣೆಗೆ ಪದವೀಧರ ಮುಖ್ಯಸ್ಥ ಬೇಕು. ಇಲ್ಲವಾದರೆ ಹೊರಗಿನಿಂದ ಒಬ್ಬ ಬರುತ್ತಾನೆ, ದೋರಿಂಗ್ ಮತ್ತೆ ಎಣ್ಣೆಯ ಕ್ಯಾನು ಹಿಡಿಯಬೇಕು.

"ನಮ್ಮ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವರಿಗೇ ಅಂತ ಒಂದು ದಾರಿ ಇದೆಯಂತೆ, ದುಡಿದ ವರ್ಷಗಳನ್ನೇ ಓದಿನ ಲೆಕ್ಕಕ್ಕೆ ಹಿಡೀತಾರಂತೆ," ಎಂದ ಎಫ್ರೆನ್. "ನೀನು ಹೋಗು. ಆ ಕುರ್ಚಿಯಲ್ಲಿ ಬೇರೆಯವರನ್ನ ನೋಡೋಕೆ ನನಗೂ ಆಗಲ್ಲ."

ಜನ ತುಂಬಿಕೊಂಡು ಓಡುವ ಜೀಪ್‌ನಿ ಬಂಡಿಯಲ್ಲಿ ಮುಕ್ಕಾಲು ಗಂಟೆಯ ದಾರಿ. ಆ ವಿಶ್ವವಿದ್ಯಾಲಯವನ್ನು ಹೊರಗಿನಿಂದ ನೋಡಿ ಯಾರೂ ಮರುಳಾಗುವುದಿಲ್ಲ. ತಗಡು ಮಾಡಿನ ಉದ್ದುದ್ದ ಶೆಡ್ಡುಗಳು, ಅಂಗಳದಲ್ಲಿ ಬಿಚ್ಚಿ ಹರಡಿದ ಬೋಟಿನ ಎಂಜಿನ್ನುಗಳು, ಮೇಷ್ಟ್ರುಗಳ ಉಗುರಿನಲ್ಲೂ ಗ್ರೀಸು. ಕಂಬಗಳ ಸಾಲು, ಗಡಿಯಾರದ ಗೋಪುರ ಇದ್ದರೇ ವಿದ್ಯೆ ಎಂದುಕೊಂಡವರು ಬಸ್ಸಿನ ಕಿಟಕಿಯಿಂದ ನೋಡಿ ಮೂಗು ಮುರಿದು ಮುಂದೆ ಹೋಗಲಿ. ಆ ತೀರದ ಹಳಬರಿಗೆ ಗೊತ್ತು, ಅದು ಬರುವ ಮುಂಚೆ ಸಕ್ಕರೆ ಕಾರ್ಖಾನೆಯ ಒಂದು ಪಂಪು ಕೆಟ್ಟರೆ ಮನಿಲಾದಿಂದ ಒಬ್ಬ ಮಹಾನುಭಾವ ಬರುವ ತನಕ ಕಬ್ಬು ಗಾಡಿಯಲ್ಲೇ ಒಣಗುತ್ತಿತ್ತು. ಕೈಯಲ್ಲಿ ಕಸುಬಿದ್ದ ಮಕ್ಕಳು ಯಾರ್ಯಾರದೋ ಹಡಗು ತೊಳೆಯಲು ಹೋಗುತ್ತಿದ್ದರು. ಈಗ ಆ ಪಂಪು ಬಿಚ್ಚುವವರು ಅದೇ ಊರಿನವರು. ಬಿಚ್ಚಿ ಜೋಡಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೂ ಹೋಗುತ್ತಾರೆ.

ಶನಿವಾರದ ತರಗತಿಯಲ್ಲಿ ಇಪ್ಪತ್ತು ಜನ ಇದ್ದರು, ಎಲ್ಲರೂ ದುಡಿದು ದಣಿದ ಮುಖಗಳೇ. ಕಲಿಸುವವಳು ಗ್ಲೆಂಡಾ, ಮೂವತ್ತು ದಾಟದ ಇಂಜಿನಿಯರು. ವರ್ಷಕ್ಕೆ ಎರಡು ತಿಂಗಳು ಯಾವುದಾದರೂ ಕಾರ್ಖಾನೆಯಲ್ಲಿ ಕೂಲಿಯವರ ಜೊತೆ ದುಡಿಯದಿದ್ದರೆ ಅಲ್ಲಿ ಮೇಷ್ಟ್ರ ಕೆಲಸ ಉಳಿಯುವುದಿಲ್ಲ. ಹಾಗಾಗಿ ಅವಳ ಮಾತಿನಲ್ಲಿ ಪುಸ್ತಕದಷ್ಟೇ ಬೆವರೂ ಇತ್ತು. ಮೊದಲ ದಿನ ದೋರಿಂಗ್ ಹಿಂದಿನ ಬೆಂಚಿನ ಮೂಲೆ ಹಿಡಿದು, ಯಾರೂ ಏನೂ ಕೇಳದಿರಲಿ ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದಳು. ಆಗ ಅವಳ ಕಣ್ಣು ಪ್ರಯೋಗಶಾಲೆಯ ಹೊಸ ಕಂಪ್ರೆಸರಿನ ಬುಡಕ್ಕೆ ಬಿತ್ತು. ಸಿಮೆಂಟಿನ ಮೇಲೆ ಕಂದು ಕಲೆ.

"ಮೇಡಮ್, ಅದು ಕೋಳಿ ರಕ್ತಾನಾ?" ಎಂದು ತಡೆಯಲಾರದೆ ಕೇಳಿದಳು. ಆ ಕಡೆ ಹೊಸ ಯಂತ್ರ ಕೂರಿಸಿದರೆ ಮೊದಲು ಕೋಳಿ ಕೊಯ್ದು ಬುಡಕ್ಕೆ ರಕ್ತ ಬಿಡುತ್ತಾರೆ. ಇಲ್ಲದಿದ್ದರೆ ಯಂತ್ರ ತಾನೇ ಯಾರ ಕೈಯನ್ನಾದರೂ ಕೇಳುತ್ತದೆ ಎಂಬ ಭಯ.

"ಹೂಂ ಅಕ್ಕ. ಕೊಯ್ದಿದ್ದು ನಮ್ಮ ವಿಭಾಗದ ಮುಖ್ಯಸ್ಥರೇ, ಡಾಕ್ಟರೇಟ್ ಆದವರು. ಎರಡು ಸುರಕ್ಷಾ ವಾಲ್ವೂ ಹಾಕಿದ್ವಿ, ಒಂದು ಕೋಳಿನೂ ಕೊಯ್ದ್ವಿ. ಸಾರು ಚೆನ್ನಾಗಿತ್ತು."

ಇಡೀ ತರಗತಿ ನಕ್ಕಿತು. ದೋರಿಂಗಳೂ ನಕ್ಕಳು, ಮುಂದಿನ ವಾರ ಬಂದು ಎರಡನೇ ಬೆಂಚಿನಲ್ಲಿ ಕೂತಳು.

ಅವಳನ್ನು ಆ ಜಾಗಕ್ಕೆ ಪೂರ್ತಿ ಒಪ್ಪಿಸಿದ್ದು ಬೇರೆಯೇ ಒಂದು ವಸ್ತು. ವಿದ್ಯಾರ್ಥಿಗಳು ಹಳೇ ಕಂಪ್ರೆಸರ್ ಒಂದನ್ನು ನಡುಮಧ್ಯಕ್ಕೆ ಸೀಳಿ, ಒಳಗಿನ ಭಾಗಗಳಿಗೆ ಕೆಂಪು, ನೀಲಿ, ಹಳದಿ ಬಣ್ಣ ಬಳಿದು, ಕೈಯಿಂದ ತಿರುಗಿಸುವ ಹಾಗೆ ನಿಲ್ಲಿಸಿದ್ದರು. ಬಿಚ್ಚಿದ ಯಂತ್ರವನ್ನು ದೋರಿಂಗ್ ನೂರು ಸಲ ನೋಡಿದ್ದಳು, ಆದರೆ ಬಿಚ್ಚಿದ ಯಂತ್ರ ಓಡುವುದಿಲ್ಲ. ಗ್ಲೆಂಡಾ ಚಕ್ರ ತಿರುಗಿಸಿದಳು. ಪಿಸ್ಟನ್ ಇಳಿಯಿತು, ತಟ್ಟೆ ತೆರೆಯಿತು, ಪಿಸ್ಟನ್ ಏರಿತು, ತಟ್ಟೆ ಮುಚ್ಚಿತು. ಇಷ್ಟು ವರ್ಷ ಕಿವಿಯಲ್ಲಷ್ಟೇ ಇದ್ದ, ಯಂತ್ರ ಎಳೆಯುವ ಬಿಡುವ ಆ ಎರಡು ಉಸಿರು ಈಗ ಕಣ್ಣ ಮುಂದೆ ಆಡುತ್ತಿದ್ದವು. ದೋರಿಂಗಳಿಗೆ ಅಳು ಬಂತು. ಸಬಾಸ್ ತಾತನಿಗೆ ಇದನ್ನು ತೋರಿಸಬೇಕಿತ್ತು ಎನಿಸಿತು. ತನಗೆ ಗೊತ್ತಿದ್ದದ್ದಕ್ಕೆಲ್ಲ ಒಂದು ಹೆಸರು, ಒಂದು ಕಾರಣ ಇದೆ ಎಂದು ಅವಳು ತಿಳಿದದ್ದು ಆ ಶೆಡ್ಡಿನಲ್ಲಿ. ಗ್ಲೆಂಡಾ ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ತಿಂಗಳು ಹಗಲಿನ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಇಟ್ಟು ಕೇಳುವುದನ್ನು ದೋರಿಂಗಳಿಂದಲೇ ಹೇಳಿಸಿದಳು.

ಆದರೆ ಒಂದು ಶನಿವಾರ ಗ್ಲೆಂಡಾ ಹೇಳಿದ ಪಾಠ ದೋರಿಂಗಳಿಗೆ ಮುಳ್ಳಿನ ಹಾಗೆ ನಾಟಿತು.

"ಗೇಜು ಏನು ತೋರಿಸುತ್ತೋ ಅದನ್ನೇ ದಿನದ ಲಾಗ್ ಪುಸ್ತಕದಲ್ಲಿ ಬರೀರಿ. ನಿಮಗೆ ಬೇರೆ ಏನಾದ್ರೂ ಗೊತ್ತಿದ್ರೆ ಪಕ್ಕದಲ್ಲಿ ಬರೀರಿ. ಎರಡನ್ನೂ ಕಲಸಿ ಒಂದು ಮಾಡಬೇಡಿ. ನಾಳೆ ನಿಮ್ಮ ಕುರ್ಚಿಗೆ ಬರೋನಿಗೆ ನಿಮ್ಮ ತಲೆ ಒಳಗಿರೋದು ಕಾಣಲ್ಲ."

ಫ್ಯಾಕ್ಟರಿಯ ಯಂತ್ರಕೋಣೆಯಲ್ಲಿ ಒಂದು ಗೇಜಿತ್ತು. ಕಂಪ್ರೆಸರ್ ಎಳೆದುಕೊಳ್ಳುವ ಅಮೋನಿಯಾದ ಒತ್ತಡ ತೋರಿಸುವ, ಊಟದ ತಟ್ಟೆಯಷ್ಟಗಲದ ಹಿತ್ತಾಳೆಯ ಗೇಜು. ಎಫ್ರೆನ್ ಮಗಳನ್ನು ನೋಡಲು ಒಸಾಕಾಕ್ಕೆ ಹೋದಾಗ ಕೊಂಡು, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಪಾದ್ರಿ ಬಂದು ತೀರ್ಥ ಚಿಮುಕಿಸಿದ್ದರು, ಇಡೀ ಹಂದಿ ಸುಟ್ಟು ಊಟ ಹಾಕಿದ್ದರು. ಎರಡು ವರ್ಷದ ಮೇಲೆ ದೊಡ್ಡ ಚಂಡಮಾರುತದಲ್ಲಿ ಅದು ಗೋಡೆಯಿಂದ ಬಿತ್ತು. ಗಾಜಿಗೂ ಏನೂ ಆಗಲಿಲ್ಲ, ಹೊಳಪಿಗೂ ಏನೂ ಆಗಲಿಲ್ಲ. ಅಂದಿನಿಂದ ಹತ್ತು ಹೆಚ್ಚು ತೋರಿಸತೊಡಗಿತು, ಅಷ್ಟೆ. ಕೊಳವೆಯ ಮೇಲೆ ಕೂತ ಹಿಮ ನೋಡಿದರೆ ಇಪ್ಪತ್ತೈದು ಎಂದು ಗೊತ್ತಾಗುತ್ತಿತ್ತು, ಗೇಜು ಮೂವತ್ತೈದು ಎನ್ನುತ್ತಿತ್ತು.

ಯಜಮಾನ ತೊಡೆಯ ಮೇಲಿಟ್ಟು ತಂದದ್ದನ್ನು ಕೆಟ್ಟಿದೆ ಎನ್ನುವುದು ಹೇಗೆ? ದಿನಾ ಬೆಳಗ್ಗೆ ಎಫ್ರೆನ್ ಬಂದು ಜೇಬಿನ ಕರವಸ್ತ್ರದಿಂದ ಅದರ ಗಾಜು ಒರೆಸುತ್ತಿದ್ದ. "ಹೇಗಿದೆ ನಮ್ಮ ಜಪಾನಿ?" ಎಂದು ಕೇಳುತ್ತಿದ್ದ. "ಬಂಗಾರದಂಥದ್ದು ಸಾರ್," ಎನ್ನುತ್ತಿದ್ದರು ಎಲ್ಲರೂ. ಹೀಗೆ ಒಂಬತ್ತು ವರ್ಷ ಅಲ್ಲಿನ ಐದೂ ಜನ ಹತ್ತು ಕಳೆದು ಬರೆದರು. ಯಾರೂ ಯಾರಿಗೂ ಹೇಳಿಕೊಡದೆಯೇ ಅದು ರೂಢಿಯಾಗಿತ್ತು.

ಫೆಲಿಮೊನ್ ಎಂಬುವನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ. ದೋರಿಂಗ್ ತರಗತಿಗೆ ಸೇರುವುದಕ್ಕೆ ಹಿಂದಿನ ಆಗಸ್ಟಿನಲ್ಲಿ ಅವಳಿಗೆ ಡೆಂಗೀ ಬಂದು ಮಲಗಿದಾಗ, ಪಕ್ಕದ ದ್ವೀಪದ ಫ್ಯಾಕ್ಟರಿ ಬಿಟ್ಟು ಬಂದ ಅನುಭವಸ್ಥ ಎಂದು ಅವನನ್ನು ಅವಳ ಜಾಗಕ್ಕೆ ತೆಗೆದುಕೊಂಡಿದ್ದರು. ಅನುಭವಸ್ಥನಿಗೆ ಹೇಳಿಕೊಡುವುದು ಹೇಗೆಂದು ಉಳಿದವರು ಗೇಜಿನ ಮಾತೆತ್ತಿರಲಿಲ್ಲ. ಅವನು ಗೇಜು ನೋಡಿದ, ಒತ್ತಡ ಹೆಚ್ಚಾಗಿದೆ ಎಂದುಕೊಂಡ, ಅಮೋನಿಯಾ ಬಿಡುವ ವಾಲ್ವನ್ನು ಬಿಗಿ ಮಾಡುತ್ತಾ ಬಂದ. ಗೇಜು ಇಪ್ಪತ್ತೈದಕ್ಕೆ ಇಳಿಯುವ ಹೊತ್ತಿಗೆ ನಿಜದ ಒತ್ತಡ ಹದಿನೈದಕ್ಕೆ ಬಿದ್ದಿತ್ತು. ನಾಲ್ಕನೇ ದಿನ ಕಂಪ್ರೆಸರ್ ಕಾದು ವಾಲ್ವಿನ ತಟ್ಟೆಗಳು ಪುಡಿಯಾದವು. ಎರಡು ದಿನ ಐಸಿಲ್ಲದೆ ದೋಣಿಗಳು ನಿಂತವು. ಫೆಲಿಮೊನ್‌ಗೆ ಕೆಲಸ ಬಾರದು ಎಂದು ಊರೆಲ್ಲ ಆಡಿಕೊಂಡಿತು, ಅವನನ್ನು ಕಳಿಸಿಬಿಟ್ಟರು. ಜ್ವರದಿಂದೆದ್ದು ಬಂದ ದೋರಿಂಗಳಿಗೆ ಲಾಗ್ ಪುಸ್ತಕ ತೆರೆದ ಕೂಡಲೇ ಎಲ್ಲ ಅರ್ಥವಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಈಗ ಸಂತೆಯ ಹತ್ತಿರ ಮೂರು ಗಾಲಿಯ ಬಾಡಿಗೆ ಬಂಡಿ, ಟ್ರೈಸಿಕಲ್ ಓಡಿಸುವ ಅವನನ್ನು ಕಂಡರೆ ಅವಳು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು.

ಪಾಠಗಳೂ ಪರೀಕ್ಷೆಗಳೂ ಮುಗಿದವು. ಕೊನೆಯದೊಂದು ಉಳಿದಿತ್ತು. ವಿಶ್ವವಿದ್ಯಾಲಯದ ಮೂವರು ಅಭ್ಯರ್ಥಿಯ ಕೆಲಸದ ಜಾಗಕ್ಕೇ ಬಂದು ನೋಡಿ ತೀರ್ಮಾನ ಹೇಳುತ್ತಾರೆ. ಮೂರು ವರ್ಷದ ಲಾಗ್ ಪುಸ್ತಕಗಳನ್ನು ಮೊದಲೇ ಕಳಿಸಬೇಕು. ದೋರಿಂಗ್ ಪುಸ್ತಕಗಳನ್ನು ಕಟ್ಟಿ ಕಳಿಸಿದಳು. ಅಷ್ಟು ಸಾವಿರ ಅಂಕಿಯನ್ನು ಯಾರು ಓದುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ಓದುವವರು ಇದ್ದರು. ಮೇ ತಿಂಗಳ ಒಂದು ಬೆಳಗ್ಗೆ ಬಂದ ಮೂವರಲ್ಲಿ ಹಿರಿಯಳು ಡಾಕ್ಟರ್ ಹೊಫಿಲೆನ್ಯಾ, ಪ್ರಯೋಗಶಾಲೆಯಲ್ಲಿ ಕೋಳಿ ಕೊಯ್ದ ಮುಖ್ಯಸ್ಥೆ. ಅರವತ್ತರ ಹೆಂಗಸು, ಕಾಲಿಗೆ ಕಾರ್ಖಾನೆಯ ಬೂಟು, ಕೈಯಲ್ಲಿ ತನ್ನದೇ ಟಾರ್ಚು. ಎಫ್ರೆನ್ ಇಸ್ತ್ರಿಯ ಅಂಗಿ ತೊಟ್ಟು ಬಂದು ಮೂಲೆಯಲ್ಲಿ ನಿಂತ. ಹೊರಗೆ ಮೇಜಿನ ಮೇಲೆ ಸೀಗಡಿ ಹಾಕಿದ ನೂಡಲ್ಸು, ಅಕ್ಕಿಯ ಕಡುಬು ಕಾದಿದ್ದವು. ಗ್ಲೆಂಡಾ ಬಾಗಿಲ ಹೊರಗೆ ನಿಂತಿದ್ದಳು, ಅವಳು ಮಾತಾಡುವಂತಿರಲಿಲ್ಲ.

ಒಂದು ಗಂಟೆ ದೋರಿಂಗ್ ಹೂವೆತ್ತಿದ ಹಾಗೆ ಉತ್ತರ ಕೊಟ್ಟಳು. ಯಂತ್ರ ನಿಲ್ಲಿಸಿ ತೋರಿಸಿದಳು, ಓಡಿಸಿ ತೋರಿಸಿದಳು, ಸೋರಿಕೆ ಆದರೆ ಗಾಳಿ ಯಾವ ಕಡೆ ಬೀಸುತ್ತದೆಂದು ಮೊದಲು ನೋಡಬೇಕೆಂದು ಹೇಳಿದಳು. ಆಮೇಲೆ ಹೊಫಿಲೆನ್ಯಾ ಪುಸ್ತಕ ತೆರೆದಳು.

"ಇಲ್ಲಿ ಮೂರು ವರ್ಷವೂ ಒತ್ತಡ ಇಪ್ಪತ್ತೈದರ ಆಸುಪಾಸು. ಆಗಸ್ಟಿನ ಈ ನಾಲ್ಕು ದಿನ ಮಾತ್ರ ಬೇರೆಲ್ಲೂ ಇಲ್ಲದ ಕೈಬರಹ. ಮೂವತ್ತೈದರಿಂದ ಶುರುವಾಗಿ ಇಪ್ಪತ್ತೈದಕ್ಕೆ ಇಳಿದು, ಮಿಷಿನ್ ಒಡೆದಿದೆ." ಟಾರ್ಚನ್ನು ಗೋಡೆಯ ಮೇಲಿನ ಹಿತ್ತಾಳೆಗೆ ಹಿಡಿದಳು. "ಈಗ ನೋಡಿದ್ರೆ ಇದೂ ಮೂವತ್ತೈದು ಅಂತಿದೆ. ನೀವು ಬೆಳಗ್ಗೆ ಬರೆದಿರೋದು ಇಪ್ಪತ್ತೈದು. ಏನು ವಿಷಯ ದೋರಿಂಗ್?"

ಕೋಣೆಯಲ್ಲಿದ್ದ ಕೆಲಸಗಾರರೆಲ್ಲ ತಮ್ಮ ಚಪ್ಪಲಿ ನೋಡಿಕೊಂಡರು. ದೋರಿಂಗಳ ನಾಲಗೆಯ ತುದಿಯಲ್ಲಿ ಒಂದು ಸಿದ್ಧ ಉತ್ತರ ಇತ್ತು. ಇವತ್ತು ಬಿಸಿಲು ಜಾಸ್ತಿ, ಐಸಿನ ಅಚ್ಚುಗಳಿಗೆ ಈಗ ತಾನೇ ಹೊಸ ನೀರು ತುಂಬಿದ್ದೇವೆ, ಅದಕ್ಕೇ ಒತ್ತಡ ಏರಿದೆ, ಆ ಫೆಲಿಮೊನ್ ಹೊಸಬ, ಅವನಿಗೆ ತಿಳಿಯಲಿಲ್ಲ. ಇಷ್ಟು ಹೇಳಿದರೆ ಬಹುಶಃ ಒಪ್ಪುತ್ತಿದ್ದರು. ಪದವಿ ಬರುತ್ತಿತ್ತು, ಕುರ್ಚಿ ಉಳಿಯುತ್ತಿತ್ತು, ಎಫ್ರೆನ್ ಸಾರ್ ಮುಖ ಬಾಡುತ್ತಿರಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು. ಗ್ಲೆಂಡಾಳೂ ಚಪ್ಪಲಿಯನ್ನೇ ನೋಡುತ್ತಿದ್ದಳು. ನಡುಮಧ್ಯಕ್ಕೆ ಸೀಳಿ ಬಣ್ಣ ಬಳಿದಿದ್ದ ಆ ಕಂಪ್ರೆಸರ್ ದೋರಿಂಗಳ ಕಣ್ಣಿಗೆ ಬಂತು. ಅದರ ಮುಂದೆ ಅತ್ತು, ಇಲ್ಲಿ ಮುಚ್ಚಿಡುವುದೇ?

"ಗೇಜು ತಪ್ಪು ಮೇಡಮ್," ಎಂದಳು. ಭಯದಲ್ಲೂ ದನಿ ಎಂದಿನ ಹಾಗೆ ಮೃದುವಾಗಿಯೇ ಬಂತು. "ಹತ್ತು ಜಾಸ್ತಿ ತೋರಿಸುತ್ತೆ. ಒಂಬತ್ತು ವರ್ಷದಿಂದ ನಾನು ಹತ್ತು ಕಳೆದು ಬರೀತಿದ್ದೀನಿ. ಫೆಲಿಮೊನ್ ಅಣ್ಣನಿಗೆ ಯಾರೂ ಹೇಳಿರಲಿಲ್ಲ. ಅವರು ಕಂಡಿದ್ದನ್ನ ಕಂಡ ಹಾಗೆ ಬರೆದ್ರು. ಈ ಪುಸ್ತಕದಲ್ಲಿ ಸುಳ್ಳಿಲ್ಲದ ಪುಟ ಅಂದ್ರೆ ಅದೊಂದೇ."

ಹೇಳಿ ಎಫ್ರೆನ್ ಕಡೆ ತಿರುಗಿದಳು. "ಕ್ಷಮಿಸಿ ಸಾರ್. ನೀವು ಅಷ್ಟು ಪ್ರೀತಿಯಿಂದ ತಂದಿದ್ರಿ. ನಿಮಗೆ ಬೇಜಾರಾಗುತ್ತೆ ಅಂತ ಬಾಯಿ ಬರಲಿಲ್ಲ."

ಎಫ್ರೆನ್ ಕಣ್ಣರಳಿಸಿ ಅವಳನ್ನೇ ನೋಡಿದ. ಆಮೇಲೆ ಅವನ ಹೊಟ್ಟೆ ಕುಣಿಯತೊಡಗಿತು. ನಗುತ್ತಿದ್ದ.

"ಅಯ್ಯೋ ದೋರಿಂಗ್, ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಾನೂ ಇದೇ ಫ್ಯಾಕ್ಟರಿಯಲ್ಲಿ ಐಸ್ ಎಳೆದು ಬೆಳೆದವನೇ. ಕೊಳವೆ ಮೇಲಿನ ಹಿಮ ನೋಡಿದ್ರೆ ತಿಳಿಯಲ್ವಾ? ನಾನೂ ದಿನಾ ಮನಸ್ಸಲ್ಲೇ ಹತ್ತು ಕಳೀತಿದ್ದೆ. ನೀವೆಲ್ಲ ಬಂಗಾರ ಬಂಗಾರ ಅಂತ ಹೊಗಳ್ತಿದ್ರಿ, ಕೆಟ್ಟಿದೆ ಅಂದ್ರೆ ನಿಮಗೆ ಮುಜುಗರ ಆಗುತ್ತೇನೋ ಅಂತ ನಾನು ಸುಮ್ಮನಿದ್ದೆ."

ಕೆಲಸಗಾರರಲ್ಲಿ ಒಬ್ಬ ಕಿಸಕ್ಕೆಂದ. ಇನ್ನೊಬ್ಬ ಬಾಯಿ ಮುಚ್ಚಿಕೊಂಡ. ನೋಡನೋಡುತ್ತಿದ್ದಂತೆ ಇಡೀ ಯಂತ್ರಕೋಣೆ ನಗುತ್ತಿತ್ತು. ಬಂದ ಮೂವರಲ್ಲಿ ಇಬ್ಬರೂ ನಕ್ಕರು. ಹೊಫಿಲೆನ್ಯಾ ನಗಲಿಲ್ಲ. ನಗು ಇಳಿಯುವ ತನಕ ಕಾದು, ಮೆಲ್ಲಗೆ ಕೇಳಿದಳು.

"ಹಾಗಾದ್ರೆ, ಫೆಲಿಮೊನ್‌ನ ಕಳಿಸಿದ ದಿನ ನಿಮಗೆ ಗೊತ್ತಿತ್ತು."

ಎಫ್ರೆನ್ ಜೇಬಿನಿಂದ ಕರವಸ್ತ್ರ ತೆಗೆದ. ಗೇಜಿನ ಕಡೆ ಒಂದು ಹೆಜ್ಜೆ ಇಟ್ಟವನು ನಿಂತು, ಅದನ್ನು ನಾಲ್ಕು ಮಡಿಕೆ ಮಾಡಿದ.

"ಗೊತ್ತಿತ್ತು," ಎಂದ.

ಆಮೇಲೆ ಯಾರೂ ನಗಲಿಲ್ಲ. ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು ಎಲ್ಲರೂ ಸೇರಿ ಒಬ್ಬ ಬಡಪಾಯಿಯ ಅನ್ನ ಕಿತ್ತುಕೊಂಡಿದ್ದರು.

"ನೋಡದೆ ಇರೋ ಅಂಕಿ ಒಂಬತ್ತು ವರ್ಷ ಬರೆದವರಿಗೆ ನಾನು ಯಾಕೆ ಪದವಿ ಕೊಡಲಿ?" ಎಂದು ಹೊಫಿಲೆನ್ಯಾ ಕೇಳಿದಳು.

"ಕೊಡಬೇಡಿ ಮೇಡಮ್. ಇನ್ನೊಂದು ವರ್ಷ ಬೇಕಾದ್ರೂ ಓದ್ತೀನಿ, ಎಣ್ಣೆ ಕ್ಯಾನೂ ಹಿಡೀತೀನಿ. ಆ ನಾಲ್ಕು ದಿನದ ಪಕ್ಕದಲ್ಲಿ ನಡೆದಿದ್ದು ಬರೆಯೋಕೆ ಮಾತ್ರ ಬಿಡಿ."

ಹೊಫಿಲೆನ್ಯಾ ಚೀಲದಿಂದ ಒಂದು ಚಿಕ್ಕ ಗೇಜು ತೆಗೆದು ಅವಳ ಕೈಗಿತ್ತಳು. ವಿದ್ಯಾರ್ಥಿಗಳು ತೂಕದ ಕಲ್ಲಿಟ್ಟು ಪರೀಕ್ಷಿಸಿ ಮುದ್ರೆ ಒತ್ತಿದ್ದು. ದೋರಿಂಗ್ ಹಿತ್ತಾಳೆಯ ಗೇಜಿಗೆ ಹೋಗುವ ಕೊಳವೆ ಮುಚ್ಚಿ, ಇದನ್ನು ಜೋಡಿಸಿ, ನಿಧಾನವಾಗಿ ತೆರೆದಳು. ಮುಳ್ಳು ಏರಿ ಇಪ್ಪತ್ತೈದಕ್ಕೆ ನಿಂತಿತು. ಅವಳು ಪುಸ್ತಕದಲ್ಲಿ ಎರಡೂ ಅಂಕಿ ಬರೆದು, ಆಗಸ್ಟಿನ ಪುಟ ತೆರೆದು, ಅಂಚಿನಲ್ಲಿ ನಾಲ್ಕು ಸಾಲು ಬರೆದು ರುಜು ಹಾಕಿದಳು.

ಮೂವರೂ ತೀರ್ಮಾನಕ್ಕೆ ಹೊರಗೆ ಹೋದರು. ಕೆಲಸಗಾರರು ಕಿಟಕಿಯಲ್ಲಿ ಇಣುಕಿ ಸುದ್ದಿ ಒಪ್ಪಿಸತೊಡಗಿದರು.

"ಅಕ್ಕಾ, ಡಾಕ್ಟರಮ್ಮ ಎರಡನೇ ತಟ್ಟೆ ನೂಡಲ್ಸ್ ಹಾಕ್ಕೊಂಡ್ರು. ಫೇಲ್ ಮಾಡೋರು ಎರಡನೇ ತಟ್ಟೆ ತಿನ್ನಲ್ಲ."

"ಸುಮ್ಮನಿರೋ. ಅವ್ರು ತಿಂದೂ ಫೇಲ್ ಮಾಡ್ತಾರೆ," ಎಂದಳು ದೋರಿಂಗ್.

ಹೊಫಿಲೆನ್ಯಾ ಬಾಯಿ ಒರೆಸಿಕೊಂಡು ಒಳಗೆ ಬಂದಳು. "ಈ ಮಿಷಿನ್ ನಿಮ್ಮಷ್ಟು ತಿಳಿದವರು ನಮ್ಮ ಮೇಷ್ಟ್ರುಗಳಲ್ಲೂ ಇಲ್ಲ. ಗೊತ್ತಿದ್ದದ್ದನ್ನ ಬಾಯಿಬಿಟ್ಟು ಹೇಳೋದು ಒಂದು ಬಾಕಿ ಇತ್ತು, ಅದನ್ನ ಇವತ್ತು ನಮ್ಮ ಎದುರಿಗೇ ಕಲಿತ್ರಿ. ಪದವಿ ಕೊಡ್ತೀವಿ. ಆದ್ರೆ ಈ ಒಂಬತ್ತು ವರ್ಷದ ಕಥೆ ಪೂರ್ತಿ ಬರೆದು ಕೊಡಬೇಕು. ಮುಂದಿನ ವರ್ಷದಿಂದ ಶನಿವಾರದ ತರಗತಿಗೆ ಅದೇ ಮೊದಲ ಪಾಠ. ಆ ಜಪಾನಿ ಗೇಜೂ ನಮಗೆ ಬೇಕು."

ಎಫ್ರೆನ್ ತಾನೇ ಗೇಜು ಬಿಚ್ಚಿ ಕೊಟ್ಟ. ಗ್ಲೆಂಡಾ ಒಳಗೆ ಓಡಿಬಂದು ದೋರಿಂಗಳನ್ನು ತಬ್ಬಿಕೊಂಡಳು. ದೋರಿಂಗಳಿಗೆ ಸಂತೋಷವಾಗಿತ್ತು, ಆದರೆ ನಿಲ್ಲಲು ಮನಸ್ಸಿರಲಿಲ್ಲ. "ಸಾರ್, ಸಂತೆ ಹತ್ರ ಹೋಗೋಣ್ವಾ?" ಎಂದಳು. ಎಫ್ರೆನ್ ಕಾರಿನ ಕೀ ತೆಗೆದುಕೊಂಡ.

ಫೆಲಿಮೊನ್ ಟ್ರೈಸಿಕಲ್ಲಿನ ಚಕ್ರಕ್ಕೆ ಗಾಳಿ ಹಾಕುತ್ತಿದ್ದ. ಇಬ್ಬರನ್ನೂ ಕಂಡು ಎದ್ದು ನಿಂತ. ಎಫ್ರೆನ್ ಅವನ ಊಟದ ವಿಷಯ ಕೇಳಲಿಲ್ಲ, ನೇರವಾಗಿ ಹೇಳಿಬಿಟ್ಟ. ಆ ಕರಾವಳಿಯಲ್ಲಿ ಅಷ್ಟು ನೇರವಾಗಿ ಮಾತಾಡಿದವರನ್ನು ದೋರಿಂಗ್ ಕಂಡಿರಲಿಲ್ಲ. ಉಳಿದದ್ದನ್ನು ಅವಳು ಹೇಳಿದಳು. ಫೆಲಿಮೊನ್ ಪಂಪಿನ ಹಿಡಿಯನ್ನು ಬಿಡದೆ ಕೇಳಿಸಿಕೊಂಡ.

"ನಾನು ಸರಿಯಾಗೇ ನೋಡಿದ್ದೆ ಅಂತ ನನ್ನ ಹೆಂಡ್ತಿಗೆ ಹೇಳ್ತಾನೇ ಇದ್ದೀನಿ," ಎಂದ ಕೊನೆಗೆ. "ಮನೆ ಇಲ್ಲೇ ಹಿಂದುಗಡೆ. ಬನ್ನಿ, ಅವಳಿಗೂ ಒಂದ್ಸಲ ಹೇಳಿ ಹೋಗಿ."

ಹೋಗಿ ಹೇಳಿದರು. ಕೇಳಿ ಅವನ ಹೆಂಡತಿ ಒಲೆಯ ಕಡೆ ತಿರುಗಿ ನಿಂತಳು. ಅವಳ ಬೆನ್ನು ನೋಡುತ್ತಾ ನಿಲ್ಲುವುದು ದೋರಿಂಗಳಿಗೆ ಯಾವ ಪರೀಕ್ಷೆಗಿಂತಲೂ ಕಷ್ಟವಾಯಿತು.

ಜೂನ್ ಮೊದಲ ಸೋಮವಾರ ಶೀತಲ ಗೋದಾಮು ಶುರುವಾಯಿತು. ಬುಡಕ್ಕೆ ಕೋಳಿಯ ರಕ್ತ ಬಿಟ್ಟಾಗಿತ್ತು. ಮುಖ್ಯಸ್ಥೆಯ ಕುರ್ಚಿ ಹೊಸದು ತರಿಸಿದ್ದರು, ದೋರಿಂಗ್ ಅದನ್ನು ಬದಿಗಿಟ್ಟು ಸಬಾಸನ ಬೆತ್ತದ ಕುರ್ಚಿಯನ್ನೇ ಹೊತ್ತು ತಂದಿದ್ದಳು. ಮೊದಲ ಪಾಳಿ, ಎಫ್ರೆನ್ ಮತ್ತೆ ಕೆಲಸಕ್ಕೆ ಕರೆದಿದ್ದ ಫೆಲಿಮೊನ್‌ನದ್ದು. ಅವನು ಹೊಸ ಗೇಜಿನ ಮುಂದೆ ನಿಂತು, ಕೊಳವೆಯ ಮೇಲಿನ ಹಿಮ ಮುಟ್ಟಿ ನೋಡಿ, ಪೆನ್ನು ತೆಗೆದು ಪುಸ್ತಕ ಬಿಡಿಸಿದ. ಬರೆಯುವ ಮುಂಚೆ ತಿರುಗಿ ನೋಡಿದ.

"ದೋರಿಂಗ್, ಇದ್ರಲ್ಲಿ ಎಷ್ಟು ಕಳೀಬೇಕು?"

ಅದರಲ್ಲಿ ತಮಾಷೆ ಎಷ್ಟು, ನೋವೆಷ್ಟು ಎಂದು ಅವಳಿಗೆ ತಿಳಿಯಲಿಲ್ಲ. ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತಳು.

"ಏನೂ ಕಳೀಬೇಡಿ ಅಣ್ಣ. ಕಂಡಷ್ಟೇ ಬರೀರಿ."